ತಿರುನೆಷ್ ಹತ್ತಿಸಿದ ಒಲೆ

"ಆ ಒಲೆ ತಿರುಪು ಮುಟ್ಬೇಡ ಅಂತ ನಿಂಗೆ ಎಷ್ಟ್ ಸಲ ಬಡ್ಕೋಬೇಕು? ಬುದ್ಧಿ ಎಲ್ಲಿಟ್ಟಿದೀಯ, ಈರುಳ್ಳಿ ಬುಟ್ಟೀಲಾ?"

ರಬ್ಬಿ ಎಲ್ಹನಾನ್ ಬೈಯುತ್ತಲೇ ಒಲೆ ಆರಿಸಿದ. ಹಂಡೆಯ ಅಡಿಯ ನೀಲಿ ಉರಿ ಪುಸ್ಸೆಂದು ಸತ್ತಿತು. ಆಮೇಲೆ ಕೋಟಿನ ಜೇಬಿನಿಂದ ತನ್ನದೇ ಕಡ್ಡಿಪೆಟ್ಟಿಗೆ ತೆಗೆದು ಅದೇ ಒಲೆಯನ್ನು ತಾನು ಹತ್ತಿಸಿದ. ಕಿಟಕಿಯಿಂದ ಬಂದ ಕಡಲ ಗಾಳಿಗೆ ಆರಿಹೋಗಿದ್ದ ಒಲೆಯನ್ನು ತಿರುನೆಷ್ ಮತ್ತೆ ಹಚ್ಚಿದ್ದಳು. ಅವಳ ತಪ್ಪು ಅಷ್ಟೇ.

ನೆತನ್ಯಾ ಊರಿನ ಆ ಧರ್ಮದ ಅಡುಗೆಮನೆಯಲ್ಲಿ ಎಲ್ಹನಾನನದು ಮಡಿ ಕಾಯುವ ಕೆಲಸ. ಒಲೆ ಯೆಹೂದಿಯ ಕೈಯಿಂದಲೇ ಹತ್ತಬೇಕು, ಬೇರೆಯವರು ಹತ್ತಿಸಿದರೆ ಅಡುಗೆ ಕೆಟ್ಟಂತೆ, ಕುದಿ ಬರುವ ಮುಂಚೆ ಆರಿಸಿ ಮತ್ತೆ ಹಚ್ಚಿದರೆ ಮಾತ್ರ ಉಳಿದಂತೆ. ಸುತ್ತಲ ಮುದುಕ ಮುದುಕಿಯರಿಗೆ ಹೋಗುವ ಊಟಕ್ಕೆ ಅವನ ಒಪ್ಪಿಗೆ ಇಲ್ಲದಿದ್ದರೆ ಯಾರೂ ತುತ್ತು ಎತ್ತುವುದಿಲ್ಲ.

"ನಾನೂ ಯೆಹೂದಿನೇ ಅಲ್ವಾ ರಬ್ಬಿ" ಎಂದಳು ತಿರುನೆಷ್.

"ಅದನ್ನ ದೊಡ್ಡೋರು ಹೇಳ್ಬೇಕು. ನೀನಲ್ಲ."

ಉಗ್ರಾಣದ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ಹೊರಟುಹೋದ. ಅವನು ಯಾವುದನ್ನೂ ಹೆಂಗಸರ ಕೈಗೆ ಕೊಟ್ಟವನಲ್ಲ. ಪರಸ್ತ್ರೀಯ ಬೆರಳು ತಾಗಬಾರದೆಂಬ ನೇಮ. ಅದರಲ್ಲಿ ಮಾತ್ರ ಅವನಿಗೆ ಕರಿಯರು ಬಿಳಿಯರು ಎಂಬ ಭೇದವಿರಲಿಲ್ಲ.

"ಇವನವ್ವ ಇವನ್ನ ಯಾವ ಒಲೆ ಮೇಲೆ ಬೇಯ್ಸಿದ್ಲೋ. ಅರೆಬೆಂದ ಮುಂಡೇದು" ಎಂದಳು ಪಕ್ಕದಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದ ಸೋಲಿಕಾ. ಮೊರಾಕೊದ ಮುದುಕಿ ಅವಳು. ಅವಳು ಒಲೆ ಹಚ್ಚಿದರೆ ಯಾರ ತಕರಾರೂ ಇಲ್ಲ.

ತಿರುನೆಷ್ ನಗಲಿಲ್ಲ. ಬೆಂಕಿ ಆರಿಸುವುದು ಅವಳಿಗೆ ಹೊಸದಲ್ಲ. ಸೂಡಾನಿನಾಚೆ ಗೊಂದರ್ ಸೀಮೆಯ ಅವಳ ಹಳ್ಳಿಯಲ್ಲಿ ಶುಕ್ರವಾರ ಹೊತ್ತು ಇಳಿಯುವ ಮುಂಚೆ ಅವ್ವ ಒಲೆಗೆ ನೀರು ಚಿಮುಕಿಸುತ್ತಿದ್ದಳು. ಮರುದಿನ, ಕೆಲಸ ಮುಟ್ಟದ ಸಬ್ಬತ್ತಿನ ದಿನ, ಮನೆಯಲ್ಲಿ ಕೆಂಡವೂ ಇರಕೂಡದು, ತಣ್ಣಗಿನ ಊಟವೇ ದೇವರ ಊಟ. ನೆರೆಯ ಊರಿನವರು ಇವರನ್ನು ಕೆಟ್ಟ ಕಣ್ಣು ಹಾಕುವ ಜಾತಿ ಎಂದು ಉಗುಳುತ್ತಿದ್ದರು. ಇವರೇನು ಕಡಿಮೆಯೇ, ಆ ಜನ ತಾಗಿದರೆಂದು ಹೊಳೆಗಿಳಿದು ಮೈತೊಳೆದೇ ಮನೆ ಹೊಗುತ್ತಿದ್ದರು. ಜೆರುಸಲೇಮ್ ಎಂದು ನಡೆದು ಹೊರಟವರಲ್ಲಿ ಅವ್ವ ಸೂಡಾನಿನ ಮರಳಿನಲ್ಲೇ ಉಳಿದಳು. ಮಗಳು ಬಂದು ತಲುಪಿದಾಗ ಇಲ್ಲಿನವರು ನೀವು ಪೂರಾ ಯೆಹೂದಿಗಳಲ್ಲ ಎಂದು ಶುದ್ಧಿಗಾಗಿ ನೀರಿನಲ್ಲಿ ಮುಳುಗಿಸಿ ಎಬ್ಬಿಸಿದರು. ಮೈ ಒಣಗಿತು, ಅವರ ಅನುಮಾನ ಒಣಗಲಿಲ್ಲ.

ಅಡುಗೆಮನೆ ನಡೆಸುವ ಓರ್ಲಿಗೆ ಅವಳು ದೂರು ಹೇಳದೆ ಇರಲಿಲ್ಲ. ಓರ್ಲಿ ಕಣ್ಣಲ್ಲಿ ನೀರು ತಂದುಕೊಂಡು, ನಿನ್ನ ನೋವು ನನಗೆ ಅರ್ಥವಾಗುತ್ತದೆ ಎಂದು ಬೆನ್ನು ಸವರಿ ಕಳಿಸಿದ್ದಳು. ಅಮೆರಿಕದಿಂದ ದೊಡ್ಡ ದಾನ ಬರುವುದಿತ್ತು. ಯೆಹೂದಿ ಸೇವಾಸಂಸ್ಥೆಗಳಲ್ಲಿ ದುಡಿಯುವವರಿಗೆ ಅವಮಾನವಾಗಬಾರದು, ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳಬೇಕು, ಅದಕ್ಕೆಂದೇ ಕೊಡುವ ಹಣ. ಮುಂಗಡ ಬಂದಾಗ ಗೋಡೆಗೆ ಕಿತ್ತಳೆ ಬಣ್ಣ ಬಳಿದರು. ಟೆಲ್ ಅವೀವಿನಿಂದ ಒಬ್ಬಳು ಹುಡುಗಿ ಬಂದು ಎಲ್ಲರನ್ನೂ ದುಂಡಗೆ ಕೂರಿಸಿ, ಮನಸ್ಸು ನೊಂದಾಗ ಹಿಸುಕಿ ಎಂದು ಮೆತ್ತನೆಯ ಚೆಂಡು ಹಂಚಿದಳು. ಸೋಲಿಕಾ ತನ್ನದನ್ನು ನಾಯಿಗೆ ಕೊಟ್ಟಳು. ದೂರು ಕೇಳಲು ಮೂವರ ಸಮಿತಿಯೂ ಆಯಿತು. ಅದರ ಹಿರಿಯ ಎಲ್ಹನಾನ್.

ದಾನಿ ಲಿಪ್‌ಕಿನ್ ಬರುವ ಗುರುವಾರ ಬಾಗಿಲ ಮೇಲೆ ಆಳೆತ್ತರದ ಬಟ್ಟೆ ಕಟ್ಟಿದರು. ಅದರಲ್ಲಿ ತಿರುನೆಷಳ ನಗುವ ಮುಖ, ಕೆಳಗೆ 'ಎಲ್ಲರ ಮನೆ' ಎಂಬ ಅಕ್ಷರ. ಓರ್ಲಿ ಅವಳನ್ನು ಪಕ್ಕಕ್ಕೆ ಕರೆದಳು.

"ಇವತ್ತು ಒಲೆ ಹಚ್ಚೋದು ನೀನೇ. ಅವರು ವಿಡಿಯೋ ತಗೋತಾರೆ. ಬಿಳಿ ತಲೆವಸ್ತ್ರ ಇದ್ಯಲ್ಲ, ನಿಮ್ಮೂರಿಂದು, ಅದು ಹಾಕ್ಕೋ."

"ರಬ್ಬಿ?"

"ಒಪ್ಪಿದಾರೆ. ಆಮೇಲೆ ಅವರದ್ದು ಅವರು ಏನೋ ಮಾಡ್ಕೋತಾರೆ. ನೀನು ತಿರುಗಿ ನೋಡಕ್ಕೆ ಹೋಗ್ಬೇಡ, ಅಷ್ಟೆ."

ತಿರುನೆಷ್ ತಲೆವಸ್ತ್ರ ತಂದು ಕಟ್ಟಿಕೊಂಡಳು. ಮೋರಿಯ ಹತ್ತಿರ ಹೋಗಿ ಉಗಿದು ಬಂದಳು.

ಲಿಪ್‌ಕಿನ್ ಬಂದ. ಅತ್ತರಿನ ಘಾಟು, ಒದ್ದೆ ಅಂಗೈ. ಬಟ್ಟೆಯ ಮೇಲಿನ ಮುಖವನ್ನೂ ನಿಜದ ಮುಖವನ್ನೂ ನೋಡಿ ಹಿಗ್ಗಿ, ಎಳೆಗರುವಿಗೆ ತಟ್ಟುವಂತೆ ಅವಳ ಕೆನ್ನೆ ತಟ್ಟಿದ. ಕೆನ್ನೆಯ ಮೇಲೆ ಅವನ ಬೆವರು ಅಂಟಿಕೊಂಡಿತು. ಒರೆಸಿಕೊಳ್ಳಲೂ ಆಗದಂತೆ ಕ್ಯಾಮೆರಾ ಅವಳನ್ನೇ ನೋಡುತ್ತಿತ್ತು. ಅವಳು ಕಡ್ಡಿ ಗೀರಿದಳು. ನೆನೆದ ಅವರೆಯೂ ಬಾರ್ಲಿಯೂ ತುಂಬಿದ ಹಂಡೆಯ ಕೆಳಗೆ ಉರಿ ಹೂವಿನಂತೆ ಬಿಚ್ಚಿತು. ಎಲ್ಲರೂ ಚಪ್ಪಾಳೆ ತಟ್ಟಿ ಕೇಕಿನ ಮೇಜಿನ ಕಡೆ ತಿರುಗಿದರು.

ಬೆನ್ನ ಹಿಂದೆ ಪುಸ್ಸೆಂದಿತು.

ತಿರುನೆಷ್ ತಿರುಗಿ ನೋಡಿದಳು. ಎಲ್ಹನಾನ್ ಜೇಬಿಗೆ ಕೈಹಾಕಿದ್ದ. ಅವನು ಪೆಟ್ಟಿಗೆ ತೆಗೆಯುವಷ್ಟರಲ್ಲಿ ಅವಳು ಹೋಗಿ ಕಡ್ಡಿ ಗೀರಿ ಹತ್ತಿಸಿದಳು. ಅವನು ಆರಿಸಿದ. ಅವಳು ಮತ್ತೆ ಹತ್ತಿಸಿದಳು, ಈ ಸಲ ಅಂಗೈಯನ್ನು ತಿರುಪಿನ ಮೇಲೆಯೇ ಬಿಗಿಯಾಗಿ ಇಟ್ಟುಕೊಂಡಳು.

ಎಲ್ಹನಾನನ ಕೈ ಬಂದು, ಗೇಣುದೂರದಲ್ಲಿ ನಿಂತಿತು.

"ಕೈ ತೆಗಿ, ಕತ್ತೆ. ಇನ್ನೂರು ಜನರ ಊಟ ಹಾಳಾಗ್ತದೆ" ಎಂದ ಹಲ್ಲುಕಚ್ಚಿ.

"ನೀವೇ ತೆಗೀರಿ ರಬ್ಬಿ. ಮುಟ್ಟಿ ತೆಗೀರಿ."

ಕೇಕಿನ ಮೇಜಿನ ಬಳಿಯವರು ಇತ್ತ ತಿರುಗಿದರು. ಅವನು ಸೋಲಿಕಾಳನ್ನು ಕೂಗಿ, ನೀನು ಬಂದು ಇವಳ ಕೈ ಎಳಿ ಎಂದ. ಸೋಲಿಕಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, ನನಗೆ ಕ್ಯಾರೆಟ್ ಇದೆ ಎಂದಳು. ಆಗ ಓರ್ಲಿ ಓಡಿಬಂದಳು. ನಾಳೆಯಿಂದ ಕೆಲಸ ಇರೋದಿಲ್ಲ ನೋಡು ಎಂದು ಕಿವಿಯಲ್ಲಿ ಅಂದಳು. ತಿರುನೆಷ್ ಹೂಂ ಎಂದಳು, ಕೈ ತೆಗೆಯಲಿಲ್ಲ. ಅವಳ ಮಣಿಕಟ್ಟು ಹಿಡಿಯಲು ಚಾಚಿದ ಓರ್ಲಿಯ ಕೈ ಕ್ಯಾಮೆರಾದ ಕೆಂಪು ಚುಕ್ಕೆ ಕಂಡು ಅಲ್ಲಿಂದಲೇ ಮೇಲೇರಿ ಅವಳ ಭುಜ ಸವರತೊಡಗಿತು.

"ಏನು ನಡೀತಿದೆ ಅಲ್ಲಿ?" ಎಂದು ಲಿಪ್‌ಕಿನ್ ಕೇಳಿದ. ತುಟಿಯ ಮೇಲೆ ಕೇಕಿನ ಬೆಣ್ಣೆ.

ಹೊತ್ತು ಹೋಯಿತು. ಉರಿಯ ಝಳಕ್ಕೆ ತಿರುಪು ಕಾದು ಅವಳ ಅಂಗೈ ಚುರುಗುಟ್ಟುತ್ತಿತ್ತು. ಅವಳ ತುಟಿ ಅವ್ವನ ಪ್ರಾರ್ಥನೆಯನ್ನು ಅವ್ವನ ಭಾಷೆಯಲ್ಲೇ ಮೆಲ್ಲಗೆ ಆಡಿಸುತ್ತಿತ್ತು. ರಬ್ಬಿಯ ಕೈ ಗಾಳಿಯಲ್ಲಿ ನಿಂತೇ ಇತ್ತು.

ಹಂಡೆಯ ಅಂಚಿನಲ್ಲಿ ಮೊದಲ ಗುಳ್ಳೆ ಎದ್ದಿತು.