ನಗು ಬೀಳುವ ಜಾಗ

"ಕಟ್," ಎಂದಳು ನಿರ್ದೇಶಕಿ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವವರಷ್ಟು ಮೆಲ್ಲಗೆ. "ಚೆನ್ನಾಗಿ ಬಂತು ಅತ್ತಿಗೆ. ಆದ್ರೆ ಮಾತಿನ ಮಧ್ಯೆ ಆ ಗ್ಯಾಪ್ ಬೇಡ. ಈಗ ಎದುರಿಗೆ ಜನ ಕೂತಿಲ್ವಲ್ಲ, ಕಾಯೋದು ಬೇಕಿಲ್ಲ. ನಗು ನಾವು ಆಮೇಲೆ ಹಾಕ್ಕೋತೀವಿ."

"ಹಳೇ ಚಟ ಕಣಮ್ಮ," ಎಂದಳು ಅತ್ತಿಗೆ. "ಸಿಗರೇಟು ಬಿಟ್ಟೆ, ಸಕ್ಕರೆ ಬಿಟ್ಟೆ, ಇದೊಂದನ್ನ ಬಿಡಕ್ಕಾಗ್ತಿಲ್ಲ."

ಲೈಟಿನವರು ನಕ್ಕರು. ನಿರ್ದೇಶಕಿಯೂ ನಕ್ಕಳು. ಅತ್ತಿಗೆ ಏಪ್ರನ್ನಿನ ಜೇಬಿನೊಳಗೆ ಎರಡೂ ಕೈಗಳನ್ನು ಮುಷ್ಟಿ ಮಾಡಿ ಹಿಡಿದುಕೊಂಡಳು. ಅದು ಚಟವಾಗಿರಲಿಲ್ಲ. ಮಾತು ಮರೆತುಹೋಗಿತ್ತು.

ಒಂದು ಕಾಲದಲ್ಲಿ ಶನಿವಾರ ಸಂಜೆ ಅವಳ ನಗೆ ಧಾರಾವಾಹಿ ಶುರುವಾದರೆ ಬೀದಿಗಳು ಖಾಲಿಯಾಗುತ್ತಿದ್ದವು. ಟೀವಿ ಇದ್ದ ಮನೆಗೆ ಟೀವಿ ಇಲ್ಲದ ಮನೆಗಳೆಲ್ಲ ಬಂದು ಕೂತಿರುತ್ತಿದ್ದವು. ಮುಟ್ಟಿದ್ದನ್ನೆಲ್ಲ ಎಡವಟ್ಟು ಮಾಡಿ, ಕೊನೆಯವರೆಗೂ ಸೋಲೊಪ್ಪದ ಆ ಧಾರಾವಾಹಿಯ ಅತ್ತಿಗೆ ಎಲ್ಲರಿಗೂ ಅತ್ತಿಗೆಯಾಗಿಬಿಟ್ಟಳು. ಹಲ್ಲು ಕೀಳುವ ಡಾಕ್ಟರೂ "ಬಾಯಿ ಅಗಲ ಮಾಡಿ ಅತ್ತಿಗೆ" ಎನ್ನುತ್ತಿದ್ದ. ಅವಳ ಗಂಡ ತೀರಿಕೊಂಡ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳನ್ನು ಕಂಡ ಹೆಂಗಸೊಬ್ಬಳು ತಡೆಯಲಾರದೆ ನಕ್ಕು, ಆಮೇಲೆ ನಾಚಿ ಅತ್ತಿದ್ದಳು. ಅತ್ತಿಗೆಗೆ ಅವಳ ಮೇಲೆ ಸಿಟ್ಟು ಬಂದಿರಲಿಲ್ಲ. ತನ್ನ ಮುಖ ಕಂಡರೆ ಜನಕ್ಕೆ ಹಾಗಾಗುತ್ತದೆ, ಮೂಗಿಗೆ ಧೂಳು ಹೋದರೆ ಸೀನು ಬಂದ ಹಾಗೆ.

ಅವಳಿಗಿದ್ದ ವಿದ್ಯೆ ಒಂದೇ, ಸುಮ್ಮನೆ ನಿಲ್ಲುವುದು. ಮೊದಲ ಸಲ ಸ್ಟುಡಿಯೋದೊಳಗೆ ಕಾಲಿಟ್ಟಾಗ ಅವಳದು ಟ್ರೇ ತಂದಿಟ್ಟು ಹೋಗುವ ಕೆಲಸದವಳ ಪಾತ್ರ. ಟ್ರೇ ನಿಜವಾಗಿಯೂ ಕೈಜಾರಿತು. ಕಪ್ಪುಗಳು ಚೂರಾದವು. ಬೇರೆ ಯಾರಾದರೂ ಆಗಿದ್ದರೆ ಬಗ್ಗಿ ಆಯುತ್ತಿದ್ದರು. ಅವಳು ಚೂರುಗಳನ್ನು ನೋಡಿದಳು, ನಿಧಾನವಾಗಿ ತಲೆಯೆತ್ತಿ ಶೂಟಿಂಗ್ ನೋಡಲು ಕರೆಸಿ ಎದುರಿನ ಬೆಂಚುಗಳಲ್ಲಿ ಕೂರಿಸಿದ್ದ ಜನರನ್ನು ನೋಡಿದಳು, ಒಡೆದದ್ದು ಅವರೇ ಎನ್ನುವಂತೆ. ಹಾಗೇ ನಿಂತಳು. ಈಗ ತೀರಿಹೋಗಿರುವ ಆಗಿನ ನಿರ್ದೇಶಕ ಮಹಡಿಯ ಕಂಟ್ರೋಲ್ ರೂಮಿನಿಂದ ಮೆಟ್ಟಿಲಿಳಿದು ಬಂದು ಹೇಳಿದ್ದ, "ಮಾತು ಯಾರು ಬೇಕಾದ್ರೂ ಒಪ್ಪಿಸ್ತಾರೆ. ನಗು ಬೀಳಕ್ಕೆ ಜಾಗ ಬಿಡೋದು ನಿನಗೊಬ್ಬಳಿಗೇ ಗೊತ್ತಿರೋದು."

ಈಚೆಗೆ ಆ ಜಾಗದಲ್ಲೇ ಅವಳು ಅಡಗಿಕೊಳ್ಳಲು ಕಲಿತಿದ್ದಳು. ಯಾವುದಾದರೂ ಹೊಸ ಧಾರಾವಾಹಿಯಲ್ಲಿ ಒಂದು ದಿನದ ಅಜ್ಜಿಯಾಗಿ ಹೋದಾಗ ಮಾತು ತಪ್ಪಿದರೆ, ಹುಬ್ಬೇರಿಸಿ ಕೈಯಲ್ಲಿದ್ದ ಸೌಟನ್ನೋ ಪೊರಕೆಯನ್ನೋ ದಿಟ್ಟಿಸುತ್ತಿದ್ದಳು. ಅಷ್ಟರೊಳಗೆ ಮಾತು ಬಂದರೆ ಬಂತು. "ಏನ್ ಟೈಮಿಂಗ್ ಅಮ್ಮಾ ನಿಮ್ದು," ಎಂದು ಹೊಸ ಹುಡುಗಿಯರು ಕೈಮುಗಿಯುತ್ತಿದ್ದರು. ಅವಳು ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಕೂರುತ್ತಿದ್ದಳು.

ಆದರೆ ಮಗಳನ್ನು ಏಮಾರಿಸಲು ಹುಬ್ಬು ಸಾಲುವುದಿಲ್ಲ. ಒಲೆಯ ಮೇಲೆ ಖಾಲಿ ಪಾತ್ರೆ ಕರಕಲಾದದ್ದನ್ನು, ಇರುವ ಮನೆಯ ದಾರಿಯನ್ನೇ ಅಮ್ಮ ಹಣ್ಣಿನಂಗಡಿಯವನ ಹತ್ತಿರ ಕೇಳಿದ್ದನ್ನು ಮಗಳು ನೋಡಿದ್ದಳು. ಡಾಕ್ಟರು ತಲೆಯ ಚಿತ್ರ ತೆಗೆಸಿ, ಅವಳನ್ನು ಬಿಟ್ಟು ಮಗಳ ಮುಖ ನೋಡಿ ಮಾತಾಡಿದ್ದರು. ಹಾಗಿದ್ದಾಗಲೇ ಹಳೆಯ ಧಾರಾವಾಹಿಯ ನೆನಪಿಗೆ ಒಂದು ವಿಶೇಷ ಕಂತು ಮಾಡುತ್ತೇವೆ ಎಂದು ಚಾನೆಲ್ಲಿನಿಂದ ಫೋನು ಬಂದದ್ದು.

"ಬೇಡಮ್ಮ," ಎಂದಿದ್ದಳು ಮಗಳು. "ನಾಲ್ಕು ಜನರ ಎದುರಿಗೆ ಅದೆಲ್ಲ ಬೇಡ."

"ಅಡುಗೆಮನೇಲಿ ಮರೀತೀನಿ, ಬ್ಯಾಂಕಲ್ಲಿ ಮರೀತೀನಿ. ಒಪ್ಕೋತೀನಿ. ಲೈಟಿನ ಕೆಳಗೆ ನಿಂತಾಗ ಪೂರ್ತಿ ಕೈಕೊಟ್ಟಿದ್ದು ಒಂದು ಸಲಾನಾದ್ರೂ ಉಂಟಾ?"

"ಅಮ್ಮ."

"ಇದೊಂದು ಮಾಡಿ ನೋಡ್ತೀನಿ. ಅಲ್ಲೂ ಬರಲಿಲ್ಲ ಅಂದ್ರೆ ಮುಗೀತು. ನರ್ಸನ್ನ ಇಡ್ತೀಯೋ, ಬಾಗಿಲಿಗೆ ಬೀಗ ಹಾಕ್ತೀಯೋ, ನಿನ್ನಿಷ್ಟ. ತುಟಿಪಿಟಕ್ ಅನ್ನಲ್ಲ."

ಮಗಳು ಈಗ ಕ್ಯಾಮೆರಾದ ಹಿಂದೆ, ಕೇಬಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮನ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಹಿಂದೆ ಹಳೆಯ ಬೆಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕತ್ತಲೆಗೆ ಏರಿದ್ದವು.

"ನೀರು ಬೇಕೇನೇ?" ಎಂದು ಪಕ್ಕದಿಂದ ಕೇಳಿದರು ಯಜಮಾನರು. ಧಾರಾವಾಹಿಯಲ್ಲಿ ಗಂಡನಾಗಿದ್ದ ನಟನನ್ನು ಅವಳು ಇವತ್ತಿಗೂ ಹಾಗೆಯೇ ಕರೆಯುತ್ತಿದ್ದಳು. ಅವರ ನಿಜವಾದ ಹೆಂಡತಿಗೂ ಅದು ರೂಢಿಯಾಗಿ, ಫೋನು ಮಾಡಿದರೆ "ತಡೀರಿ, ನಿಮ್ಮ ಯಜಮಾನ್ರನ್ನ ಕರೀತೀನಿ" ಎನ್ನುತ್ತಿದ್ದರು.

"ನೀರು ಬೇಡ. ಮುಂದಿನ ಮಾತೇನು?" ಎಂದು ಅವಳು ತುಟಿಯಲ್ಲಾಡಿಸದೆ ಕೇಳಿದಳು.

ಅವರು ಅವಳನ್ನು ನೋಡಲಿಲ್ಲ. ಕಪ್ಪಿನ ಹಿಡಿಯನ್ನು ತಿರುಗಿಸುತ್ತ, "'ಕನ್ನಡಕ ಫ್ರಿಜ್ಜಲ್ಲಿಟ್ಟೆ, ಕಣ್ಣಿಗೆ ತಂಪು ಅಂತ,'" ಎಂದರು. "ಬರಲಿಲ್ಲ ಅಂದ್ರೆ ನಾನೇ ಕೇಳ್ತೀನಿ, 'ಕನ್ನಡಕ ಫ್ರಿಜ್ಜಲ್ಲೇನಾದ್ರೂ ಇಟ್ಟೆಯಾ' ಅಂತ. ನೀನು ಹೂಂ ಅಂದ್ರೆ ಸಾಕು."

ಬೆಳಿಗ್ಗೆಯಿಂದ ಅವರು ಹೀಗೆಯೇ ಅವಳ ಮಾತುಗಳನ್ನು ಪ್ರಶ್ನೆ ಮಾಡಿ ಕೊಡುತ್ತಿದ್ದರು. ಅವರಿಗೆ ಯಾವಾಗ ಗೊತ್ತಾಯಿತೋ, ಅವಳು ಕೇಳಿರಲಿಲ್ಲ. ಹೊಸ ಕಂತು ಬರೆದವನಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ವಯಸ್ಸಾದ ಅತ್ತಿಗೆ ಎಂದರೆ ಮರೆಗುಳಿ ಅತ್ತಿಗೆ ಎಂದುಕೊಂಡು ಪುಟಗಟ್ಟಲೆ ಜೋಕು ತುಂಬಿದ್ದ. ಅವಳು ಈಗ ಮರೆತವಳ ಮಾತುಗಳನ್ನು ನೆನಪಿಟ್ಟುಕೊಳ್ಳಬೇಕಾಗಿತ್ತು.

"ರೋಲ್," ಎಂದರು ಯಾರೋ.

ಯಜಮಾನರು ಪೇಪರು ಮಡಿಸಿದರು. "ಏನೇ, ಎಲ್ಲಿ ನಿನ್ನ ಕನ್ನಡಕ?"

ಅವಳು ಬಾಯಿ ತೆರೆದಳು. ಬಾಯಿಯಲ್ಲಿ ಏನೂ ಇರಲಿಲ್ಲ. ತಡಕಾಡುತ್ತ ಅವಳ ಕಣ್ಣು ಸೆಟ್ಟಿನ ಅಂಚಿಗೆ ಹೋಯಿತು. ಲೈಟು ಕಟ್ಟುವವರು ಗೋಡೆಗೆ ಒರಗಿಸಿಟ್ಟು ಮರೆತಿದ್ದ ಏಣಿ ಅಲ್ಲಿತ್ತು. ಅದನ್ನು ನೋಡಿದ್ದೇ ತಡ, ಎದೆಯೊಳಗೆ ಯಾರೋ ಕಿಟಕಿ ತೆಗೆದ ಹಾಗೆ ಮಾತುಗಳು ಬಂದವು. ಒಂದಲ್ಲ, ಎಲ್ಲವೂ, ಸಾಲುಸಾಲಾಗಿ.

"ಅಯ್ಯೋ, ನಿಮ್ಮ ಆಫೀಸಿನ ದೊಡ್ಡವರು ಗೇಟು ತೆಗೀತಿದಾರಲ್ರೀ," ಎಂದಳು. "ಹೆಂಡ್ತಿಗೆ ಕಾಯಿಲೆ ಅಂತ ರಜಾ ಹಾಕಿದ್ರಾ? ಯಾವ ಕಾಯಿಲೆ ಅಂದಿದ್ರಿ?"

ಧ್ವನಿ ಗಟ್ಟಿಯಾಗಿತ್ತು, ಗಂಟಲಲ್ಲಿ ಒಂದು ಬಿರುಕೂ ಇರಲಿಲ್ಲ. ಯಜಮಾನರು ಪೇಪರಿನ ಮೇಲಿಂದ ಅವಳನ್ನು ನೋಡಿದರು. ಅದು ಇವತ್ತಿನದಲ್ಲ, ಎಷ್ಟೋ ವರ್ಷದ ಹಿಂದಿನ ಕಂತಿನ ಮಾತು. ಆಮೇಲೆ ಅವರೂ ಎದ್ದು ನಿಂತು, ಅಂದಿನ ಹಾಗೆಯೇ ತಲೆ ಚಚ್ಚಿಕೊಂಡರು.

"ಜ್ವರ ಅಂದಿದ್ದೆ ಕಣೇ. ಏಳಕ್ಕೂ ಆಗಲ್ಲ, ಹಾಸಿಗೆ ಹಿಡಿದಿದಾಳೆ ಅಂದಿದ್ದೆ. ನೀನು ನೋಡಿದ್ರೆ ಸುಣ್ಣ ಹೊಡೀತಿದೀಯ."

ಅವಳು ಏಣಿಯ ಮೊದಲ ಮೆಟ್ಟಿಲು ಹತ್ತಿದಳು. ಮಂಡಿ ಕಟಕ್ಕೆಂದಿತು. ಮುಂದಿನದನ್ನೂ ಹತ್ತಿದಳು. ಮಗಳು ಕುರ್ಚಿಯಿಂದ ಎದ್ದದ್ದು ಕಾಣಿಸಿತು. ಆ ಹೆಂಗಸು ಯಾರು, ಮುಂದೆ ಬಂದು ಯಾಕೆ ನಿಂತಿದ್ದಾಳೆ, ಬೆಂಚಿನಲ್ಲಿ ಜಾಗ ಸಿಗಲಿಲ್ಲವೇನೋ ಎಂದುಕೊಂಡಳು. ಇಲ್ಲದ ಬಾಗಿಲಿನಲ್ಲಿ ಇಲ್ಲದ ದೊಡ್ಡವರಿಗೆ ನಮಸ್ಕಾರ ಮಾಡಿ, ಹಣೆ ಮುಟ್ಟಿಕೊಂಡು, ಇನ್ನೇನು ಪ್ರಾಣ ಹೋಗುತ್ತದೆ ಎನ್ನುವ ದನಿಯಲ್ಲಿ ಹೇಳಿದಳು:

"ಜ್ವರ ನೆತ್ತಿಗೇರಿಬಿಟ್ಟಿದೆ ಸಾರ್. ಇಳಿಸ್ಕೊಂಡು ಬರೋಣ ಅಂತ ನಾನೂ ಹತ್ತಿದೀನಿ."

ಮತ್ತು ಕಾದಳು. ಹುಬ್ಬು ಮೇಲೆ, ಕೈ ಹಣೆಯ ಮೇಲೆ. ಇಲ್ಲಿ ನಗು ಛಾವಣಿ ಮುಟ್ಟಬೇಕು. ಮುಟ್ಟಿ, ಇಳಿದು, ಮತ್ತೆ ಏಳಬೇಕು. ಅಷ್ಟು ಹೊತ್ತು ಅವಳು ಕದಲುವ ಹಾಗಿಲ್ಲ.

ಏನೂ ಕೇಳಿಸಲಿಲ್ಲ. ಎಲ್ಲೋ ಒಂದು ಯಂತ್ರ ಗುಂಯ್ ಎನ್ನುತ್ತಿತ್ತು.

ಅವಳ ಹುಬ್ಬು ತಾನಾಗಿ ಇಳಿಯಿತು. "ಯಾಕೆ ಯಾರೂ ನಗ್ತಿಲ್ಲ?" ಎಂದು ಯಜಮಾನರನ್ನು ಕೇಳಿದಳು. ದನಿ ಸಣ್ಣದಾಗಿತ್ತು. "ಇವತ್ತು ಯಾರನ್ನ ಕರೆಸಿದಾರೆ? ನಾನೇನಾದ್ರೂ ತಪ್ಪು ಹೇಳಿದ್ನಾ?"

ಯಜಮಾನರು ನಿರ್ದೇಶಕಿಯ ಕಡೆ ತಿರುಗಿದರು. ಮಾನಿಟರಿನ ಹಿಂದಿನಿಂದ ನಿರ್ದೇಶಕಿ ಎರಡೂ ಕೈ ಎತ್ತಿ ನಗಿರೆಂದು ಸನ್ನೆ ಮಾಡಿದಳು, ಮಾಡಿ ತಾನೂ ನಕ್ಕಳು. ಕ್ಯಾಮೆರಾದವನು ನಕ್ಕ. ಲೈಟಿನವರು, ಮೈಕು ಹಿಡಿದವನು, ಮೇಕಪ್ಪಿನವಳು, ಎಲ್ಲರೂ ಗಟ್ಟಿಯಾಗಿ ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಬೇರೆ ಏನೇ ಅಳಿಸಿಹೋಗಿದ್ದರೂ ನಗುವಿನ ವಿಷಯದಲ್ಲಿ ಆ ಕಿವಿಗೆ ಮೋಸ ಮಾಡುವ ಹಾಗಿರಲಿಲ್ಲ. ನಿಜವಾದ ನಗು ಒಟ್ಟಿಗೆ ಹುಟ್ಟುವುದಿಲ್ಲ. ಎಲ್ಲೋ ಮೂಲೆಯಲ್ಲಿ ಒಬ್ಬರಿಗೆ ಮೊದಲು ಹೊಳೆದು ಕಿಸಕ್ಕೆನ್ನುತ್ತಾರೆ, ಪಕ್ಕದವರಿಗೆ ಅಂಟುತ್ತದೆ, ಆಮೇಲೆ ಬೆಂಚುಬೆಂಚೇ ಏಳುತ್ತದೆ. ನಿಲ್ಲುವಾಗಲೂ ಒಬ್ಬರು ಹಿಂದೆ ಉಳಿದು, ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡುತ್ತಾರೆ. ಇದು ಹೇಳಿಕೊಟ್ಟ ಪಾಠದಂತೆ ಒಂದೇ ಸಲ ಶುರುವಾಗಿತ್ತು. ಅದನ್ನು ಕೇಳುತ್ತ ಕೇಳುತ್ತ ಅವಳಿಗೆ ಏಣಿ ಕಾಣಿಸಿತು, ಏಣಿ ಹಿಡಿದ ತನ್ನ ಕೈ ಕಾಣಿಸಿತು, ಕೈಯ ಮೇಲಿನ ನರಗಳು ಕಾಣಿಸಿದವು. ಸ್ವೆಟರು ಹಿಡಿದು ನಿಂತವಳು ಮಗಳಾದಳು. ನಗದೆ ನಿಂತಿದ್ದವಳು ಅವಳೊಬ್ಬಳೇ.

ಅವರು ಇನ್ನೂ ನಗುತ್ತಿದ್ದರು, ಪಾಪ, ದವಡೆ ನೋಯುವ ಹಾಗೆ. ಆ ನಗುವಿನಿಂದ ಅವರನ್ನು ಬಿಡಿಸಬೇಕಾದವಳು ತಾನೇ ಎಂದು ಅವಳಿಗೆ ತಿಳಿಯಿತು. ಖಾಲಿ ಬೆಂಚುಗಳ ಕಡೆ ತಿರುಗಿ ಏಣಿಯ ಮೇಲಿಂದಲೇ ತಲೆಬಾಗಿದಳು. ನಲ್ಲಿ ತಿರುಗಿಸಿದ ಹಾಗೆ ನಗು ನಿಂತಿತು.

"ಯಾರಾದ್ರೂ ಕೈ ಕೊಡ್ರಪ್ಪ," ಎಂದಳು. "ಹತ್ತೋದು ಬರೆದಿದ್ರು, ಇಳಿಯೋದು ಬರೆದಿಲ್ಲ."

ಮೇಕಪ್ ರೂಮಿನಲ್ಲಿ ನಿರ್ದೇಶಕಿ ಅವಳ ಕುರ್ಚಿಯ ಪಕ್ಕ ಮಂಡಿಯೂರಿ ಕೂತು, ತುಂಬಾ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಳ್ಳುತ್ತೇವೆ ಎಂದಳು. ಉಳಿದ ಸೀನುಗಳಲ್ಲಿ ಅತ್ತಿಗೆ ತೆರೆಯ ಮೇಲೆ ಬರಬೇಕಿಲ್ಲ, ಒಳಗಿನ ರೂಮಿನಲ್ಲಿದ್ದ ಹಾಗೆ ಮಾಡಿಕೊಳ್ಳುತ್ತೇವೆ, ಹಳೆಯ ಕಂತುಗಳಿಂದ ಧ್ವನಿ ಸಿಗುತ್ತದೆ ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಅತ್ತಿಗೆ ಅವಳ ಕೆನ್ನೆ ತಟ್ಟಿ ಕಳಿಸಿದಳು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ನಾನು ಹಳೇ ಮಾತು ಹೇಳಬಾರದಿತ್ತು ಕಣೇ. ಅಲ್ಲೇ ನಿಲ್ಲಿಸಬೇಕಿತ್ತು. ನೀನು ಅಷ್ಟು ಚೆನ್ನಾಗಿ..."

"ಇಷ್ಟು ವರ್ಷದಲ್ಲಿ ಒಂದು ದಿನ ತವರಿಗೆ ಕಳಿಸಿದವರಲ್ಲ ನೀವು," ಎಂದಳು ಅತ್ತಿಗೆ. "ಈಗ ಒಳಗೆ ಕೂಡಿ ಹಾಕ್ತಿದೀರ. ಹೋಗಿ, ನಿಮ್ಮ ಶಾಟ್ ರೆಡಿಯಾಗಿದೆ."

ಅವರು ಹೋದ ಮೇಲೆ ಮಗಳು ಸ್ವೆಟರು ತೊಡಿಸಿದಳು. ಒಂದೊಂದಾಗಿ ಗುಂಡಿ ಹಾಕಿದಳು. ಕೊನೆಯ ಗುಂಡಿಗೆ ಬಂದಾಗ ಅತ್ತಿಗೆ, "ನರ್ಸು ಯಾವಾಗಿಂದ ಬರ್ತಾಳೆ?" ಎಂದು ಕೇಳಿದಳು.

"ಅದೆಲ್ಲ ಈಗ್ಯಾಕಮ್ಮ. ಮನೆಗೆ ಹೋಗೋಣ ಬಾ."

"ಜೋರಿನವಳು ಬೇಡ. ಹಾಡ್ಕೊಂಡು ಕೆಲಸ ಮಾಡೋಳೂ ಬೇಡ. ಸ್ವಲ್ಪ ಹೊತ್ತು ಇದ್ದು ಹೋಗೋಣ."

ಅವಳು ಸ್ಟುಡಿಯೋದ ಹಿಂಬಾಗಿಲಿನಿಂದ ಬಂದು, ಮಗಳ ತೋಳು ಹಿಡಿದು, ಎಲ್ಲಕ್ಕಿಂತ ಮೇಲಿನ ಬೆಂಚಿಗೆ ಹತ್ತಿ ಕೂತಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಅಲ್ಲಿ ಕೂತಿರಲಿಲ್ಲ. ಅಲ್ಲಿಂದ ಸೆಟ್ಟಿನ ಮನೆ ಬಹಳ ಚಿಕ್ಕದಾಗಿ ಕಾಣುತ್ತಿತ್ತು, ಮೇಲೆ ಛಾವಣಿ ಇಲ್ಲದೆ. ಒಳಗಿನ ರೂಮಿನ ಬಾಗಿಲಿಗೆ ಯಾರೋ ಹೂವಿನ ಪರದೆ ಕಟ್ಟಿದ್ದರು. ಅದರ ಹಿಂದೆ ಬಡಗಿಯೊಬ್ಬ ಕುಕ್ಕರಗಾಲಲ್ಲಿ ಕೂತು ಪರದೆಯ ತುದಿಗೆ ದಾರ ಕಟ್ಟಿಕೊಂಡಿದ್ದ.

"ರೋಲ್," ಎಂದರು ಕೆಳಗೆ.

ಯಜಮಾನರು ಎರಡು ಕಪ್ಪುಗಳನ್ನು ಹಿಡಿದು ಬಂದರು. ಬಾಗಿಲಿನ ಮುಂದೆ ನಿಂತು ಒಳಕ್ಕೆ ಕೇಳಿದರು, "ಏನೇ, ಕಾಫಿ ಆರ್ತಾ ಇದೆ. ಬರ್ತೀಯೋ, ಅಲ್ಲಿಗೇ ತರಲೋ?"

ಉತ್ತರ ಆಮೇಲೆ ಸೇರಿಸುತ್ತಾರೆ. ಅದಕ್ಕೆ ಬೇಕಾದಷ್ಟು ಜಾಗ ಬಿಟ್ಟು ಅವರು ತಲೆ ಸ್ವಲ್ಪ ವಾಲಿಸಿ ನಿಂತರು, ಕೇಳಿಸಿಕೊಳ್ಳುವವರ ಹಾಗೆ. ಬಡಗಿ ದಾರ ಎಳೆದ. ಪರದೆ ಒಮ್ಮೆ ಮೆಲ್ಲಗೆ ಅಲುಗಿ, ಮತ್ತೆ ಇಳಿಬಿದ್ದಿತು.