ಈಶಪ್ಪನ ಮದುವೆ ಆಫ್ ಆದ ಸುದ್ದಿ

ಬರುವ ಗುರುವಾರ ಬೋನಾಳದ ತಾಯಪ್ಪನ ಮಗಳು ಸುಂದ್ರಮ್ಮನ ಮದುವೆ. ಪಡಸಾಲೆಯಲ್ಲಿ ಬಳೆಗಾರ್ತಿ ಚಮನಬೀ ಕೂತು ಮದುಮಗಳಿಗೆ ಹಸಿರು ಬಳೆ ಇಡಿಸುತ್ತಿದ್ದಳು. ಹುಡುಗ ಈಶಪ್ಪ ಹುಣಸಗಿ ಕಡೆಯ ಕಾಲುವೆ ಕ್ಯಾಂಪಿನಲ್ಲಿ ಗೇಟು ಎತ್ತಿ ಇಳಿಸುವವನು. ಹೊಲಗಳಿಗೆ ಕಾಲುವೆ ನೀರು ಹೊಸದಾಗಿ ಬಂದಿದ್ದ ಕಾಲ ಅದು. "ಅಳಿಯನ ಕೈಯಾಗ ನೀರಿನ ಕೀಲಿ ಐತಿ" ಎಂದು ತಾಯಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಅಷ್ಟರಲ್ಲಿ ಊರ ಹತ್ತಿರದ ಕ್ಯಾಂಪಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ದ್ಯಾವಪ್ಪ ಸೈಕಲ್ ಮೇಲೆ ಬಂದಿಳಿದ. ಮುಖ ಸಪ್ಪಗಿತ್ತು.

"ಸುದ್ದಿ ಛಲೋ ಇಲ್ರಿ ತಾಯಪ್ಪಣ್ಣ. ಈಶಪ್ಪನ ಸಾಹೇಬ್ರು ಈಗ ಸೆಟ್ಟಿನಾಗ ಹೇಳಿದ್ರು. ಈಶಪ್ಪ ಲೇಡ್ ಆಫ್, ಮದಿವಿ ಪುಟ್ ಆಫ್."

"ಹಂಗಂದ್ರ ಏನೋ?"

"ಎರಡೂ ಆಫ್ ರೀ. ಲೈಟ್ ಆಫ್ ಆದಂಗ. ನೌಕ್ರಿನೂ ಹೋತು, ಮದಿವಿನೂ ಹೋತು."

ಆ ಸಾಹೇಬರು ತಮಿಳು ಸೀಮೆಯವರು. ಕನ್ನಡ ಬಾರದು, ಎಲ್ಲ ಇಂಗ್ಲಿಷಿನಲ್ಲೇ. ದ್ಯಾವಪ್ಪನ ಇಂಗ್ಲಿಷು ನೀರಿನ ಮಟ್ಟ ಹೇಳಿ 'ಓವರ್' ಅನ್ನುವಷ್ಟು. 'ಲೇ ಆಫ್' ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಗುತ್ತಿಗೆದಾರರು ಇತ್ತೀಚೆಗಷ್ಟೇ ಆ ಮಾತು ಹೇಳಿ ಒಂದು ಗುಂಪು ಕೂಲಿಯವರನ್ನು ಮನೆಗೆ ಕಳಿಸಿದ್ದರು.

ಶ್ಯಾವಿಗೆ ಹೊಸೆಯುತ್ತಿದ್ದ ತಾಯಿ ಮರಿಲಿಂಗಮ್ಮ ಅಲ್ಲೇ ಕೈಬಿಟ್ಟು ಅಳತೊಡಗಿದಳು. ತಾಯಪ್ಪನ ತಮ್ಮ ಬಸವಂತ್ರಾಯ ಮಾತ್ರ ಎದ್ದು ನಿಂತು ರುಮಾಲು ಸುತ್ತಿಕೊಂಡ.

"ಅಳೂದ್ಯಾಕ? ಶಹಾಪುರದಾಗ ನನ್ನ ಹೇಣ್ತಿ ಅಕ್ಕನ ಮಗ ಅದಾನ. ಈಗಿಂದೀಗ ಹೋಗಿ ಮಾತಾಡತೀನಿ. ಅದ ಹಂದರ, ಅದ ಮುಹೂರ್ತ!"

ಸುಂದ್ರಮ್ಮ ಏಳಲು ನೋಡಿದಳು. ಚಮನಬೀ ಕೈ ಬಿಡಲಿಲ್ಲ. "ಅಲುಗಬ್ಯಾಡವ್ವಾ, ಬಳಿ ಒಡೀತಾವ. ಗಂಡ ಯಾರರ ಆಗ್ಲಿ, ಕೈಯಂತೂ ನಿಂದ."

ಸುಂದ್ರಮ್ಮ ಊರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಕೂತಲ್ಲಿಂದಲೇ ಕೇಳಿದಳು: "ದ್ಯಾವಪ್ಪಣ್ಣ, ಸಾಹೇಬ್ರು ಪುಟ್ ಆಫ್ ಅಂದ್ರೋ, ಕಾಲ್ ಆಫ್ ಅಂದ್ರೋ?"

"ಪುಟ್ ಅಂದಾರ್ರಿ ಅಕ್ಕಾರ. ಕಾಲ್ ಅನ್ನೂದು ಬರಲೇ ಇಲ್ಲ."

"ಹಂಗಾದ್ರ ಮದಿವಿ ಮುರದಿಲ್ಲ. ಕಾಲ್ ಆಫ್ ಅಂದ್ರ ರದ್ದು ಮಾಡೂದು. ಪುಟ್ ಆಫ್ ಅಂದ್ರ ಮುಂದಕ್ಕ ಹಾಕೂದು."

"ಎರಡರಾಗೂ ಆಫ್ ಐತೆಲ್ಲವಾ?" ಎಂದ ತಾಯಪ್ಪ.

"ಐತಿ ಅಪ್ಪಾ. ಕೈ ಕೊಟ್ಟ, ಕೈ ಹಿಡದ, ಎರಡರಾಗೂ ಕೈ ಐತಿ. ಎರಡೂ ಒಂದ ಏನು?"

ತಾಯಪ್ಪ ತಲೆ ಕೆರೆದುಕೊಂಡ. ಬಸವಂತ್ರಾಯ ಬಿಡಲಿಲ್ಲ. "ಅದೆಲ್ಲ ಇರ್ಲಿ ತಂಗಿ. ಈಗ ಈಶಪ್ಪ ಕೈ ಕೊಟ್ಟಾನೋ, ಹಿಡದಾನೋ?"

ಸುಂದ್ರಮ್ಮ ಚಮನಬೀಯಿಂದ ಕೈ ಬಿಡಿಸಿಕೊಂಡು ಎದ್ದಳು. ಲೇಡ್ ಆಫ್ ಎಂದರೆ ಕೆಲಸದಿಂದ ತೆಗೆದದ್ದೇ. ಅದರಲ್ಲಿ ಎರಡು ಮಾತಿಲ್ಲ.

"ನಾ ಹೋಗಿ ಕೇಳ್ಕೊಂಡು ಬರ್ತೀನಿ" ಎಂದಳು.

ಮದುಮಗಳು ತಾನೇ ಹುಡುಗನಿರುವಲ್ಲಿಗೆ ಹೋಗುವುದೇ! ಮರಿಲಿಂಗಮ್ಮ ಅಳುವುದನ್ನೇ ಮರೆತಳು. ಆಗ ಚಮನಬೀ ಬಳೆ ಮಲಾರ ಕಟ್ಟುತ್ತ, "ನಾನೂ ಹುಣಸಗಿಗೆ ಹೊಂಟೀನಿ. ನನ್ನ ಸಂಗಾಟ ಬರ್ತಾಳ, ಫಿಕರ್ ಮಾಡಬ್ಯಾಡ್ರಿ" ಅಂದಳು. ತಾಯಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಇಬ್ಬರೂ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಸುಂದ್ರಮ್ಮನಿಗೆ ಈಶಪ್ಪ ಹೆಣ್ಣು ನೋಡಲು ಬಂದ ದಿನ ನೆನಪಾಯಿತು. ಹಿರಿಯರು ಚಹಾ ಕುಡಿಯುವಾಗ ಅವನು ಮೆಲ್ಲಗೆ ಕೇಳಿದ್ದ: "ನಮ್ಮ ಸಾಹೇಬ್ರು ಮುಂಜಾನೆ ಆರಕ್ಕ 'ಟರ್ನ್ ಅಪ್' ಅಂದ್ರು. ನಾ ಆರಕ್ಕ ಸರಿಯಾಗಿ ಗೇಟ್ ಮ್ಯಾಲ ತಿರುವಿದೆ. ಬೈದ್ರು. ತಪ್ಪೇನ್ರಿ?" ಆರಕ್ಕೆ ಬಂದು ನಿಲ್ಲು ಅಂತ ಅದರ ಅರ್ಥ ಎಂದು ಹೇಳಿ ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಆ ನಗೆಗೇ ಅವಳು ಒಪ್ಪಿದ್ದು. ಈಗ ಅದೇ ನೆನಪು ಚುಚ್ಚತೊಡಗಿತು: ಇಂಥದೇ ಇನ್ನೊಂದು ತಪ್ಪು ಮಾಡಿ ನೌಕರಿ ಕಳೆದುಕೊಂಡನೇನೋ? ನಾಚಿಕೆಯಾಗಿ ಮದುವೆ ಮುಂದಕ್ಕೆ ಹಾಕಿದನೇನೋ?

ಕ್ಯಾಂಪಿನ ವರಾಂಡದಲ್ಲಿ ಸಾಹೇಬರೇ ಸಿಕ್ಕರು. ಸುಂದ್ರಮ್ಮ ಮಾತು ಕೂಡಿಸಿಕೊಂಡು ಇಂಗ್ಲಿಷಿನಲ್ಲೇ ಕೇಳಿದಳು: ಈಶಪ್ಪನನ್ನು ಯಾಕೆ ಲೇಡ್ ಆಫ್ ಮಾಡಿದಿರಿ?

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಆಫ್? ನೋ, ನೋ! ಲೇಡ್ ಅಪ್ ಅಮ್ಮಾ, ಲೇಡ್ ಅಪ್!" ಎಂದು ಕೈಯನ್ನು ಆಕಾಶಕ್ಕೆ ಎತ್ತೆತ್ತಿ ತೋರಿಸಿದರು.

ಚಮನಬೀ ಎದೆ ಹಿಡಿದುಕೊಂಡಳು. "ಯಾ ಅಲ್ಲಾ! ಮ್ಯಾಲ ಹೋದ್ನಾ?"

"ಇಲ್ಲಕ್ಕ, ಹಾಸಿಗಿ ಹಿಡದಾನಂತ!" ಎನ್ನುತ್ತಲೇ ಸುಂದ್ರಮ್ಮ ಕ್ವಾರ್ಟರ್ಸಿನ ಕಡೆ ಓಡಿದಳು. ನೌಕರಿ ಹೋಗಿಲ್ಲ ಎಂಬ ಸಮಾಧಾನ ದಾರಿಯಲ್ಲೇ ಕರಗಿಹೋಗಿತ್ತು. ಏನು ಜಡ್ಡೋ ಏನೋ.

ಈಶಪ್ಪ ಮಂಚದ ಮೇಲೆ ಮಲಗಿದ್ದ. ಬಲಗಾಲಿಗೆ ಮೊಣಕಾಲಿನವರೆಗೂ ಬಿಳಿ ಪ್ಲಾಸ್ಟರು. ಪಕ್ಕದಲ್ಲಿ ಅವನ ತಾಯಿ ಹಣಮಂತಮ್ಮ ಗಾಳಿ ಬೀಸುತ್ತಿದ್ದಳು. ಬಾಗಿಲಲ್ಲಿ ಸುಂದ್ರಮ್ಮನನ್ನು ಕಂಡು ಇಬ್ಬರೂ ಗಾಬರಿಯಾದರು.

"ಗೇಟಿಗೆ ಗ್ರೀಸ್ ಹಚ್ಚಾಕ ಏರಿದ್ದೆ. ಜಾರಿ ಬಿದ್ದೆ" ಎಂದ ಈಶಪ್ಪ, ತಪ್ಪು ಮಾಡಿದವನಂತೆ. "ಹಂದರದಾಗ ಹೆಂಗ ನಿಂದರ್ಲಿ? ಮಂದಿ ನಿನಗ ಕುಂಟನ ಕಟ್ಯಾರ ಅಂತಾರ. ಕಾಲು ಕೂಡಿದ ಮ್ಯಾಲ ಮದಿವಿ ಇಟ್ಕೊಳ್ಳೂಣು ಅಂತ ಸಾಹೇಬ್ರ ಕಡಿಂದ ಹೇಳಿಸಿದೆ."

ಸುಂದ್ರಮ್ಮ ಮಂಚದ ಹತ್ತಿರ ಬಂದಳು. ಅಳು ಬಂತು, ಸಿಟ್ಟೂ ಬಂತು.

"ತಾಳಿ ಕಾಲಿಲೆ ಕಟ್ಟತೀರೇನು?"

"ಅಲ್ಲ..."

"ಕೈ ನೆಟ್ಟಗದಾವಿಲ್ಲ? ಕುರ್ಚಿ ಮ್ಯಾಲ ಕುಂತು ಕಟ್ರಿ. ಗುರುವಾರ ಅಂದ್ರ ಗುರುವಾರ. ಇಲ್ಲಂದ್ರ ನಮ್ಮ ಕಾಕಾ ಶಹಾಪುರದಾಂವನ್ನ ಕರಕೊಂಡು ಬರ್ತಾನ."

ಹಣಮಂತಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಮಗನ, ಸೊಸಿ ಹೇಳಿದಂಗ ಕೇಳು. ಮುಂದೂ ಕೇಳೂದ ಐತಿ."

ಗುರುವಾರ ಸಾಹೇಬರು ತಮ್ಮ ಜೀಪಿನಲ್ಲೇ ಮದುಮಗನನ್ನು ಬೋನಾಳಕ್ಕೆ ಕರೆತಂದರು. ದ್ಯಾವಪ್ಪ ಒಂದು ಕಡೆ, ಬಸವಂತ್ರಾಯ ಇನ್ನೊಂದು ಕಡೆ ಹೆಗಲು ಕೊಟ್ಟು ಅವನನ್ನು ಶಾಲೆಯಿಂದ ತಂದ ಕುರ್ಚಿಯಲ್ಲಿ ಕೂರಿಸಿದರು. ಸುಂದ್ರಮ್ಮ ಬಗ್ಗಿದಳು, ಈಶಪ್ಪ ತಾಳಿ ಕಟ್ಟಿದ. ಮಂದಿ ಹುರುಪಿನಿಂದ ಅಕ್ಷತೆ ಎರಚಿದರು.

ಊಟದ ಹೊತ್ತಿಗೆ ಈಶಪ್ಪ ಕೂತಲ್ಲೇ ಮಿಸುಕಾಡತೊಡಗಿದ. ಅಕ್ಷತೆಯ ಕಾಳು ಪ್ಲಾಸ್ಟರಿನೊಳಗೆ ಇಳಿದಿದ್ದವು. ತುರಿಕೆ ತಡೆಯಲಾಗದು, ಎಲ್ಲರೆದುರು ಹೇಳಲೂ ಆಗದು. ಸುಂದ್ರಮ್ಮ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ತಂದು ಕೆಳಗೆ ಕೂತಳು.

"ಎಲ್ಲಿ?"

"ಇನ್ನಾ ಒಳಗ. ಹಾಂ, ಅಲ್ಲೆ!"

ಬಾಸಿಂಗ ಕಟ್ಟಿಕೊಂಡೇ ಇಬ್ಬರೂ ನಗುತ್ತ, ಒಂದೊಂದೇ ಕಾಳು ಹೊರಗೆ ತೆಗೆಯುತ್ತ ಕೂತರು. ಅತ್ತ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ ಮರಿಲಿಂಗಮ್ಮ, ಇವರಿಬ್ಬರನ್ನು ಊಟಕ್ಕೆ ಕರೆಯಲು ಬಂದವಳು, ಕರೆಯದೆಯೇ ತಿರುಗಿ ಹೋದಳು.