ಎಡಗಣ್ಣಿನ ಲೆನ್ಸ್

ಮಾತಾಡದೆ ಗೂಬೆಯ ಹಾಗೆ ನೋಡುತ್ತಾಳೆಂದು ಗುಮ್ಮಿ ಎಂದು ಅವಳಿಗೆ ಹೆಸರಿಟ್ಟವಳು ಅಕ್ಕನೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಕನ್ನಡಕದ ಅಂಗಡಿ ಸೇರಿದ ಮೇಲೆ ಗುಮ್ಮಿಯ ಮಾತು ಇನ್ನೂ ಕಡಿಮೆಯಾಯಿತು, ನೋಟ ಹೆಚ್ಚಾಯಿತು. ಮೊದಲ ಸಲ ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳಲು ಬಂದವರ ರೆಪ್ಪೆ ಎತ್ತಿ ಲೆನ್ಸ್ ಕೂರಿಸುವುದು ಅವಳ ಕೆಲಸ. ಎಂಥ ಪುಕ್ಕಲರೂ ಅವಳ ಬೆರಳನ್ನು ನಂಬಿ ಕಣ್ಣು ಬಿಡುತ್ತಿದ್ದರು.

"ಲೆನ್ಸೂ ನೀರೂ ಅತ್ತೆ ಸೊಸೆ ಇದ್ದ ಹಾಗೆ ಕಣಮ್ಮ, ಒಂದೇ ಮನೇಲಿ ಇಡಬಾರದು," ಎನ್ನುತ್ತಿದ್ದರು ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಮುದುಕರು. "ಕಣ್ಣು ಕೆಂಪಾದ್ರೆ ಲೆನ್ಸ್ ತೆಗೆದು ಆಸ್ಪತ್ರೆಗೆ ಹೋಗು. ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡ್ರೆ ಚಪ್ಪಲಿ ಹಾಕ್ಕೊಳ್ಳೋಕೂ ನಿಲ್ಲಬೇಡ."

ಅಕ್ಕನ ಪವರ್ ಮೈನಸ್ ಎಂಟು. ನಾಲ್ಕು ವರ್ಷದಿಂದ ಈಜುಕೊಳದ ಕೌಂಟರಿನಲ್ಲಿ ಟವೆಲ್ ಮಡಚುತ್ತಿದ್ದಳು. ಈ ಸಲದ ಟ್ರಯಥ್ಲಾನ್ ಸ್ಪರ್ಧೆಯಲ್ಲಿ, ಕೆರೆಯ ಈಜು, ಸೈಕಲ್, ಓಟ ಮೂರೂ ಸೇರಿ ಮೊದಲ ಹತ್ತರೊಳಗೆ ಬಂದರೆ ಅದೇ ಕೊಳದಲ್ಲಿ ಈಜು ಕಲಿಸುವ ಕೆಲಸ ಎಂದು ಮಾಲೀಕರು ಮಾತು ಕೊಟ್ಟಿದ್ದರು.

ಗುಮ್ಮಿ ಅಂಗಡಿಯಿಂದ ಪವರ್ ಇರುವ ಈಜು ಕನ್ನಡಕ ತಂದುಕೊಟ್ಟಿದ್ದಳು. ಅಕ್ಕ ಒಪ್ಪಲಿಲ್ಲ.

"ನೀರಿಂದ ಎದ್ದ ಮೇಲೆ ಸೈಕಲ್ ಯಾವುದು, ಎಮ್ಮೆ ಯಾವುದು ಅಂತ ಗೊತ್ತಾಗ್ಬೇಡ್ವೇನೇ?"

"ಮಾಮೂಲಿ ಕನ್ನಡಕ ಹೆಲ್ಮೆಟ್ಟಲ್ಲಿ ಇಟ್ಟಿರು."

"ಅದನ್ನ ಒರೆಸಿ ಹಾಕ್ಕೊಳ್ಳೋದ್ರಲ್ಲಿ ಹತ್ತು ಜನ ದಾಟಿ ಹೋಗಿರ್ತಾರೆ."

ಹಾಗಾಗಿ ಅಭ್ಯಾಸಕ್ಕೂ ಲೆನ್ಸ್ ಹಾಕಿಕೊಂಡು, ಮೇಲೆ ಅಗ್ಗದ ಗಾಗಲ್ಸ್ ಬಿಗಿದು ಕೆರೆಗೆ ಇಳಿಯುತ್ತಿದ್ದಳು. ಸ್ಪರ್ಧೆಗೆ ಮೂರು ದಿನ ಇರುವಾಗ ಗಾಗಲ್ಸಿನೊಳಗೆ ಕೆರೆನೀರು ನುಗ್ಗಿತು. ಸುಸ್ತಾಗಿ ಬಂದವಳು ಲೆನ್ಸ್ ತೆಗೆಯದೆ ಮಲಗಿಬಿಟ್ಟಳು. ಬೆಳಗ್ಗೆ ಎಡಗಣ್ಣು ಕೆಂಡ.

"ಅಮ್ಮನಿಗಾಗಲಿ ಯಾರಿಗಾಗಲಿ ಹೇಳಿದ್ರೆ ನನ್ನಾಣೆ."

ಗುಮ್ಮಿಯ ಬಾಯಲ್ಲಿ ಬಿಸಿ ತುಪ್ಪ ಬಿದ್ದಂತಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಊಟಕ್ಕೆ ಕೂತರೆ ಅಮ್ಮನ ಮುಖ, ಮಲಗಿದರೆ ಪಕ್ಕದಲ್ಲೇ ಅಕ್ಕ ದೀಪ ಸಹಿಸಲಾರದೆ ಗೋಡೆಗೆ ತಿರುಗಿ ನರಳುವುದು. ಇರುವುದು ಎರಡೇ ಕೋಣೆ. ಎಲ್ಲಿಗೆಂದು ಎದ್ದು ಹೋಗುವುದು?

ಸ್ಪರ್ಧೆಯ ಬೆಳಗ್ಗೆ ಕೆರೆದಂಡೆಯ ಗುಡಾರದಲ್ಲಿ ಅಕ್ಕ ಕಪ್ಪು ಕನ್ನಡಕ ತೆಗೆದಳು. ತೋಳಿನ ಮೇಲೆ ಮಾರ್ಕರಿನಲ್ಲಿ ಬರೆದ ಸಂಖ್ಯೆ, ಇನ್ನೂರ ಹದಿನಾಲ್ಕು. ಬಲಗಣ್ಣಿಗೆ ಲೆನ್ಸ್ ಕೂತಿತು. ಎಡಗಣ್ಣು ಮಾತ್ರ ಬೆರಳು ಹತ್ತಿರ ಬಂದರೆ ಸಾಕು, ಧಾರಾಕಾರ ನೀರು ಸುರಿಸಿ ಮುಚ್ಚಿಕೊಳ್ಳುತ್ತಿತ್ತು.

"ಗುಮ್ಮೀ, ನೀನೇ ಹಾಕೇ. ಊರವರಿಗೆಲ್ಲ ಹಾಕ್ತೀಯ, ನನಗೆ ಹಾಕೋಕೇನು ರೋಗ?"

ಹೊರಗೆ ಮೈಕಿನವನು ಐದು ನಿಮಿಷ ಎಂದು ಕೂಗಿದ.

ಗುಮ್ಮಿ ಲೆನ್ಸನ್ನು ಬೆರಳ ತುದಿಗೆ ಏರಿಸಿಕೊಂಡು ಇನ್ನೊಂದು ಕೈಯಿಂದ ರೆಪ್ಪೆ ಎತ್ತಿದಳು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ.

ಲೆನ್ಸ್ ಬೀಳಿಸೋಣವೆಂದರೆ ಅಕ್ಕನ ಚೀಲದಲ್ಲಿ ಇನ್ನೊಂದು ಜೊತೆ ಇದೆ. ಬೇಡ ಅಂದರೆ ಒಂದು ಕಣ್ಣಲ್ಲೇ ನೀರಿಗೆ ಹಾರುತ್ತಾಳೆ. ಹತ್ತು ಹೆಜ್ಜೆ ಆಚೆ ಕೆಂಪು ಮೇಜಿನ ಹಿಂದೆ ವೈದ್ಯೆ ಕೂತಿದ್ದರು. ಕರೆದರೆ ಅಕ್ಕನ ಆಣೆ ಮುರಿಯುತ್ತದೆ.

"ಏನೇ ನೋಡ್ತಾ ನಿಂತೆ? ಹಾಕೇ!"

ಗುಮ್ಮಿ ಲೆನ್ಸನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು. ರೆಪ್ಪೆಯಿಂದ ಕೈ ತೆಗೆಯಲಿಲ್ಲ.

"ಡಾಕ್ಟ್ರೇ!" ಗುಡಾರದಲ್ಲಿದ್ದವರೆಲ್ಲ ತಿರುಗಿದರು. "ಡಾಕ್ಟ್ರೇ, ಇಲ್ಲಿ ಬನ್ನಿ! ಬಿಳಿ ಚುಕ್ಕೆ!"

ಅಕ್ಕ ಅವಳ ಮಣಿಕಟ್ಟು ಹಿಡಿದು ತಿರುಚಿದಳು. ಉಗುರು ಇಳಿಯಿತು. "ದ್ರೋಹಿ," ಎಂದಳು ಮೆಲ್ಲಗೆ.

ವೈದ್ಯೆ ಟಾರ್ಚ್ ಬಿಟ್ಟು ನೋಡಿದರು, ಬಲಗಣ್ಣಿನ ಲೆನ್ಸನ್ನೂ ತೆಗೆಸಿದರು. "ನೀರಿಗೆ ಇಳಿಯೋ ಹಾಗಿಲ್ಲ. ಈಗಲೇ ಕಣ್ಣಿನ ಆಸ್ಪತ್ರೆ. ಲೆನ್ಸೂ ಡಬ್ಬೀನೂ ತಗೊಂಡು ಹೋಗಿ, ಪರೀಕ್ಷೆಗೆ ಬೇಕಾಗುತ್ತೆ."

"ಕಣ್ಣು ಉಳಿಯುತ್ತಾ?" ಗುಮ್ಮಿ ಕೇಳಿದಳು.

"ಬೇಗ ಹೋಗಿ."

ಸೀಟಿ ಕೂಗಿತು. ನೂರಾರು ಕಾಲುಗಳು ನೀರಿಗೆ ಬಿದ್ದ ಸದ್ದು. ಕನ್ನಡಕವೂ ಇಲ್ಲದ ಅಕ್ಕ ಆ ಕಡೆಗೇ ಮುಖ ಮಾಡಿ ಕೂತಿದ್ದಳು.

"ಹೋದ್ರಾ ಎಲ್ಲರೂ?"

"ಹೋದ್ರು."

ಗುಮ್ಮಿ ಕನ್ನಡಕ ಒರೆಸಿ ಕೊಟ್ಟಳು. ಅಕ್ಕ ಹಾಕಿಕೊಳ್ಳಲಿಲ್ಲ. ಆಟೋದಲ್ಲಿ ಆಸ್ಪತ್ರೆಯವರೆಗೂ ತೋಳಿನ ಸಂಖ್ಯೆಯನ್ನು ಎಂಜಲು ಹಚ್ಚಿ ಉಜ್ಜುತ್ತಲೇ ಇದ್ದಳು. ಅದು ಅಳಿಯಲಿಲ್ಲ. ಇನ್ನೊಂದು ಕೈ ಗುಮ್ಮಿಯ ಮಣಿಕಟ್ಟನ್ನು ಬಿಡಲೂ ಇಲ್ಲ.